ಮುಚ್ಚಿದ ಮರದ ಕಾರ್ಖಾನೆಯ ಜಾಗದಲ್ಲಿ ನಿವೇಶನ: ಮಣ್ಣು ಶುದ್ಧಿಯ ವೆಚ್ಚ ಯಾರ ಪಾಲಿಗೆ?

ಪ್ರಶ್ನೆ: ಸಂಘದ ನಿರ್ದೇಶಕ, ಶಿವಮೊಗ್ಗ

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದ ಒಂದು ಸಣ್ಣ ಗೃಹ ನಿರ್ಮಾಣ ಸಹಕಾರ ಸಂಘದ ಆಡಳಿತ ಮಂಡಳಿಯಲ್ಲಿ ನಾನಿದ್ದೇನೆ. ನಮ್ಮ ಸದಸ್ಯರಲ್ಲಿ ಹೆಚ್ಚಿನವರು ನಿವೃತ್ತ ಶಿಕ್ಷಕರು, ಸಾರಿಗೆ ನೌಕರರು ಮತ್ತು ಸಣ್ಣ ವ್ಯಾಪಾರಸ್ಥರು. ಅವರು ಕಟ್ಟಿದ ಮುಂಗಡ ಹಣ ಬ್ಯಾಂಕಿನಲ್ಲಿದೆ, ನಿವೇಶನ ಯಾವಾಗ ಎಂಬ ಪ್ರಶ್ನೆ ಪ್ರತಿ ಮಹಾಸಭೆಯಲ್ಲೂ ಏಳುತ್ತದೆ. ಈಗ ನಗರದ ಹೊರವಲಯದಲ್ಲಿ, ಬಹಳ ಹಿಂದೆಯೇ ಬಾಗಿಲು ಹಾಕಿದ ಮರದ ಕಾರ್ಖಾನೆಯೊಂದರ ಆರು ಎಕರೆ ಜಾಗ ಮಾರಾಟಕ್ಕೆ ಬಂದಿದೆ. ಅಕ್ಕಪಕ್ಕದ ಜಮೀನಿನ ದರಕ್ಕಿಂತ ಮೂರನೇ ಒಂದು ಪಾಲು ಕಡಿಮೆ ಬೆಲೆ ಹೇಳುತ್ತಿದ್ದಾರೆ. ರಸ್ತೆ ಮತ್ತು ವಿದ್ಯುತ್ ಸಂಪರ್ಕ ಎರಡೂ ಅನುಕೂಲವಾಗಿವೆ.

ನನ್ನ ಆತಂಕ ಆ ನೆಲದ ಬಗ್ಗೆ. ಅಲ್ಲಿ ಮರ ಕೊಯ್ಯುವುದರ ಜೊತೆಗೆ ಪ್ಲೈವುಡ್ ತಯಾರಿಕೆಯೂ ಇತ್ತು. ಕಂಬಗಳಿಗೆ ಗೆದ್ದಲು ಹಿಡಿಯದಂತೆ ದೊಡ್ಡ ಉಕ್ಕಿನ ಸಿಲಿಂಡರಿನಲ್ಲಿ ಔಷಧಿ ಕುಡಿಸುತ್ತಿದ್ದರು ಎಂದು ಊರಿನ ಹಿರಿಯರು ಹೇಳುತ್ತಾರೆ. ಸಿಲಿಂಡರು ಗುಜರಿಗೆ ಹೋಗಿದೆ, ಅದು ಕೂತಿದ್ದ ಕಾಂಕ್ರೀಟ್ ಕಟ್ಟೆ ಮಾತ್ರ ಉಳಿದಿದೆ. ಅದರ ಸುತ್ತ ಹುಲ್ಲು ಸರಿಯಾಗಿ ಬೆಳೆದಿಲ್ಲ. ಜಾಗ ಇಳಿಜಾರಾಗಿದ್ದು, ಕೆಳಗೆ ಒಂದು ಕೆರೆ, ಅದರ ಅಚ್ಚುಕಟ್ಟಿನಲ್ಲಿ ಗದ್ದೆ ಮತ್ತು ಅಡಿಕೆ ತೋಟ, ಅಂಚಿನಲ್ಲಿ ಕೆಲವು ಮನೆಗಳು ಮತ್ತು ಅವರ ಸೇದುವ ಬಾವಿಗಳಿವೆ. ಮರ ಕೊಯ್ದ ಜಾಗದಲ್ಲಿ ವಿಷ ಎಲ್ಲಿಂದ ಬರಬೇಕು ಎಂದು ಮಾಲೀಕರು ಕೇಳುತ್ತಾರೆ. ನಮ್ಮ ಮಂಡಳಿಯಲ್ಲೂ ಅರ್ಧದಷ್ಟು ಜನ ಹಾಗೆಯೇ ಹೇಳುತ್ತಿದ್ದಾರೆ.

ಇಂಥ ಜಾಗವನ್ನು ಕೊಳ್ಳುವ ಮೊದಲು ಏನನ್ನು ಪರೀಕ್ಷಿಸಬೇಕು, ಮಣ್ಣು ಕೆಟ್ಟಿದ್ದರೆ ಶುದ್ಧೀಕರಣದ ವೆಚ್ಚ ಎಷ್ಟರ ಮಟ್ಟಿಗೆ ಹೋಗಬಹುದು, ನೋಂದಣಿಯಾದ ನಂತರ ತಿಳಿದುಬಂದರೆ ಹೊಣೆ ಯಾರದು ಎಂಬುದನ್ನು ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ: ನಿವೃತ್ತ ರಸಾಯನಜ್ಞ, ಭದ್ರಾವತಿ

ಮರದಲ್ಲಿ ವಿಷವಿಲ್ಲ ಎಂಬುದು ನಿಜ. ಆದರೆ ಮರವನ್ನು ಕಾಪಾಡಲು ಬಳಸುವುದೆಲ್ಲ ವಿಷವೇ, ಏಕೆಂದರೆ ಅದು ಗೆದ್ದಲನ್ನೂ ಶಿಲೀಂಧ್ರವನ್ನೂ ಕೊಲ್ಲಬೇಕು. ಒತ್ತಡದ ಸಿಲಿಂಡರಿನಲ್ಲಿ ಸಾಮಾನ್ಯವಾಗಿ ಬಳಕೆಯಾಗುತ್ತಿದ್ದದ್ದು ತಾಮ್ರ, ಕ್ರೋಮಿಯಂ ಮತ್ತು ಆರ್ಸೆನಿಕ್ ಸೇರಿದ ದ್ರಾವಣ. ರೈಲ್ವೆ ಸ್ಲೀಪರುಗಳಿಗೆ ಮತ್ತು ಕೆಲವೆಡೆ ಕಂಬಗಳಿಗೆ ಕಲ್ಲಿದ್ದಲ ಡಾಂಬರಿನಿಂದ ತೆಗೆದ ಕ್ರಿಯೋಸೋಟ್ ಎಣ್ಣೆ. ಪ್ಲೈವುಡ್ಡಿನ ಅಂಟಿನಲ್ಲಿ ಫೀನಾಲ್ ಮತ್ತು ಫಾರ್ಮಾಲ್ಡಿಹೈಡ್ ಇರುತ್ತವೆ. ಮರದ ಉದ್ದಿಮೆಯೆಂದರೆ ರಾಸಾಯನಿಕ ಉದ್ದಿಮೆಯೂ ಹೌದು ಎಂಬುದು ನಮ್ಮ ಊರಿನವರಿಗೆ ಹೊಸ ವಿಷಯವೇನಲ್ಲ. 1923ರಲ್ಲಿ ಉತ್ಪಾದನೆ ಆರಂಭಿಸಿದ ಇಲ್ಲಿನ ಕಬ್ಬಿಣದ ಕಾರ್ಖಾನೆಗಾಗಿ ಮಲೆನಾಡಿನ ಮರವನ್ನು ಸುಟ್ಟು ಇದ್ದಿಲು ಮಾಡುವಾಗ, ಅದೇ ಮರದಿಂದ ಅಸಿಟಿಕ್ ಆಮ್ಲ, ಮೆಥನಾಲ್ ಮತ್ತು ಡಾಂಬರನ್ನೂ ಬಟ್ಟಿ ಇಳಿಸುತ್ತಿದ್ದರು.

ಆರು ಎಕರೆಯೂ ಒಂದೇ ರೀತಿ ಕೆಟ್ಟಿರುವುದಿಲ್ಲ. ಔಷಧಿ ಕುಡಿದ ಮರವನ್ನು ಸಿಲಿಂಡರಿನಿಂದ ಹೊರಗೆಳೆದು ಒಣಗಲು ಹಾಕುತ್ತಿದ್ದ ಅಂಗಳವೇ ಎಲ್ಲಕ್ಕಿಂತ ಕೆಟ್ಟ ಜಾಗ, ಏಕೆಂದರೆ ಅಲ್ಲಿ ವರ್ಷಗಟ್ಟಲೆ ಹನಿ ಹನಿಯಾಗಿ ದ್ರಾವಣ ನೆಲಕ್ಕೆ ಬಿದ್ದಿರುತ್ತದೆ. ಕಟ್ಟೆಯ ಸುತ್ತ ಹುಲ್ಲು ಬೆಳೆದಿಲ್ಲ ಎಂದು ನೀವು ಬರೆದದ್ದನ್ನು ಓದಿದಾಗ ನನಗೆ ಮೊದಲು ನೆನಪಾದದ್ದು ಇದೇ, ಆದರೂ ನೆಲ ಗಟ್ಟಿಯಾಗಿ ತುಳಿದಿದ್ದರಿಂದಲೂ ಹಾಗೆ ಆಗಬಹುದು, ಆದ್ದರಿಂದ ಪರೀಕ್ಷೆಯಿಲ್ಲದೆ ತೀರ್ಮಾನಕ್ಕೆ ಬರಬಾರದು. ನಂತರ ನೋಡಬೇಕಾದವು ದ್ರಾವಣ ಬೆರೆಸುತ್ತಿದ್ದ ತೊಟ್ಟಿ, ತಳದ ಗಸಿಯನ್ನು ಸುರಿಯುತ್ತಿದ್ದ ಗುಂಡಿ, ಅಂಟು ಕುದಿಸುತ್ತಿದ್ದ ಶೆಡ್, ಬಾಯ್ಲರಿನ ಬೂದಿ ಹಾಕುತ್ತಿದ್ದ ಮೂಲೆ, ನೆಲದೊಳಗಿನ ಡೀಸೆಲ್ ಟ್ಯಾಂಕ್ ಇದ್ದರೆ ಅದು, ಮತ್ತು ಟ್ರಾನ್ಸ್‌ಫಾರ್ಮರ್ ನಿಂತಿದ್ದ ಕಟ್ಟೆ. ಹಳೆಯ ಟ್ರಾನ್ಸ್‌ಫಾರ್ಮರುಗಳ ಎಣ್ಣೆಯಲ್ಲಿ ಪಾಲಿಕ್ಲೋರಿನೇಟೆಡ್ ಬೈಫಿನೈಲ್ ಎಂಬ ವಿಷಕಾರಿ ರಾಸಾಯನಿಕ ಇರುವ ಸಾಧ್ಯತೆಯಿದೆ. ಶೆಡ್ಡಿನ ಚಾವಣಿ ಹಳೆಯ ಸಿಮೆಂಟ್ ಶೀಟಿನದಾದರೆ ಅದರಲ್ಲಿ ಕಲ್ನಾರು ಇರುತ್ತದೆ. ಅದನ್ನು ಸುತ್ತಿಗೆಯಿಂದ ಒಡೆದು ಕೆಡವಲು ಬಿಡಬೇಡಿ.

ಈ ಗುಂಡಿ, ತೊಟ್ಟಿಗಳು ಎಲ್ಲಿದ್ದವೆಂದು ಯಾವ ನಕ್ಷೆಯೂ ಪೂರ್ತಿಯಾಗಿ ಹೇಳುವುದಿಲ್ಲ. ಅಲ್ಲಿ ದುಡಿದ ಕಾರ್ಮಿಕರು ಊರಿನಲ್ಲಿ ಇನ್ನೂ ಇದ್ದರೆ ಅವರಲ್ಲಿ ಇಬ್ಬರನ್ನಾದರೂ ಜಾಗಕ್ಕೆ ಕರೆದುಕೊಂಡು ಹೋಗಿ, ಅವರು ಬೆರಳು ಮಾಡಿ ತೋರಿಸಿದ ಕಡೆಗಳನ್ನು ನಕ್ಷೆಯ ಮೇಲೆ ಗುರುತಿಸಿಕೊಳ್ಳಿ. ಇದಕ್ಕೆ ಖರ್ಚು ಬಹಳ ಕಡಿಮೆ. ಆದರೆ ಮುಂದೆ ಎಲ್ಲಿ ಕೊರೆಯಬೇಕೆಂದು ತಿಳಿಯುವುದರಿಂದ ಪರೀಕ್ಷೆಯ ಖರ್ಚಿನಲ್ಲಿ ದೊಡ್ಡ ಭಾಗ ಉಳಿಯುತ್ತದೆ.

ಉತ್ತರ: ಅಂತರ್ಜಲ ಕ್ಷೇತ್ರದಲ್ಲಿ ಕೆಲಸ ಮಾಡುವವಳು, ತೀರ್ಥಹಳ್ಳಿ

ಮೇಲಿನ ಹಿರಿಯರ ಮಾತಿಗೆ ನೀರಿನ ಕಡೆಯಿಂದ ಕೆಲವು ವಿಷಯಗಳನ್ನು ಸೇರಿಸುತ್ತೇನೆ.

ನಮ್ಮ ಕೆಂಪು ಜಂಬಿಟ್ಟಿಗೆ ಮಣ್ಣಿನಲ್ಲಿ ಕಬ್ಬಿಣದ ಆಕ್ಸೈಡ್ ಹೇರಳವಾಗಿದೆ, ಅದು ಆರ್ಸೆನಿಕ್ಕನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಆದ್ದರಿಂದ ಒಣಗಿದ ಎತ್ತರದ ನೆಲದಲ್ಲಿ ಅದು ಬಹಳ ದೂರ ಹರಿಯದೆ ಮೇಲಿನ ಪದರದಲ್ಲೇ ಉಳಿಯಬಹುದು. ಇದು ಸಮಾಧಾನದ ಸಂಗತಿ. ಆದರೆ ಅದೇ ಮಣ್ಣು ಮಳೆಯಲ್ಲಿ ಕೊಚ್ಚಿಹೋಗಿ ಕೆಳಗಿನ ಕೆರೆಯ ಹೂಳಿಗೋ ನೀರು ನಿಂತ ಗದ್ದೆಗೋ ಸೇರಿದರೆ ಸ್ಥಿತಿ ತಿರುಗಿಬಿಡುತ್ತದೆ: ಆಮ್ಲಜನಕವಿಲ್ಲದ ಕೆಸರಿನಲ್ಲಿ ಕಬ್ಬಿಣದ ಆಕ್ಸೈಡ್ ಕರಗುತ್ತದೆ, ಅದು ಹಿಡಿದಿಟ್ಟ ಆರ್ಸೆನಿಕ್ ನೀರಿಗೆ ಬಿಡುಗಡೆಯಾಗುತ್ತದೆ, ಭತ್ತದ ಬೇರು ಅದನ್ನು ಹೀರಿಕೊಳ್ಳುತ್ತದೆ. ಕ್ರೋಮಿಯಂನ ವಿಷಯದಲ್ಲಿ ಅದರ ರೂಪ ಮುಖ್ಯ. ಮೂರು ವೇಲೆನ್ಸಿಯ ಕ್ರೋಮಿಯಂ ಮಣ್ಣಿಗೆ ಅಂಟಿಕೊಂಡು ಬಹುಮಟ್ಟಿಗೆ ನಿರುಪದ್ರವಿಯಾಗಿರುತ್ತದೆ, ಆರು ವೇಲೆನ್ಸಿಯದು ನೀರಿನೊಂದಿಗೆ ಸುಲಭವಾಗಿ ಸಾಗುತ್ತದೆ ಮತ್ತು ಕ್ಯಾನ್ಸರ್‌ಕಾರಕ. ಪ್ರಯೋಗಾಲಯಕ್ಕೆ ಒಟ್ಟು ಕ್ರೋಮಿಯಂ ಎಂದಷ್ಟೇ ಬರೆದುಕೊಟ್ಟರೆ ಈ ವ್ಯತ್ಯಾಸ ತಿಳಿಯುವುದೇ ಇಲ್ಲ.

ಮಾದರಿ ತೆಗೆಯುವ ಕಾಲವೂ ಮುಖ್ಯ. ಮೇ ತಿಂಗಳಲ್ಲಿ ಬಾವಿಯ ನೀರು ತಳ ಸೇರಿರುತ್ತದೆ. ಆಗಸ್ಟಿನ ಹೊತ್ತಿಗೆ ಅಂತರ್ಜಲ ಮೇಲೇರಿ, ಬೇಸಿಗೆಯಲ್ಲಿ ಒಣಗಿದ್ದ ಕೆಟ್ಟ ಪದರವನ್ನು ಮುಟ್ಟಿ ತೊಳೆಯತೊಡಗುತ್ತದೆ. ಬೇಸಿಗೆಯಲ್ಲಿ ಒಮ್ಮೆ ಪರೀಕ್ಷಿಸಿ ನೀರು ಶುದ್ಧವಾಗಿದೆ ಎಂದು ಬಂದ ವರದಿಯನ್ನು ನಮ್ಮ ಕಡೆಯ ಇಳಿಜಾರಿನ ಜಾಗಕ್ಕೆ ನಾನು ಸಾಕೆಂದು ಒಪ್ಪುವುದಿಲ್ಲ. ಮಳೆಗಾಲಕ್ಕೆ ಮುಂಚೆ ಒಮ್ಮೆ, ಮಳೆಗಾಲದ ಕೊನೆಯಲ್ಲಿ ಇನ್ನೊಮ್ಮೆ ಬಾವಿಗಳ ನೀರು, ಕೆರೆಯ ಹೂಳು ಎರಡನ್ನೂ ತೆಗೆಸಿ. ಜಾಗದ ಮೇಲ್ಭಾಗದಲ್ಲಿ, ಕಾರ್ಖಾನೆಯ ನೆರಳೂ ಬೀಳದ ನೆಲದಿಂದ ಕೆಲವು ಮಾದರಿಗಳು ಬೇಕು. ನಮ್ಮ ಜಿಲ್ಲೆಯ ಕಲ್ಲು ಮಣ್ಣಿನಲ್ಲಿ ಕಬ್ಬಿಣ, ಮ್ಯಾಂಗನೀಸ್, ಕೆಲವೆಡೆ ಕ್ರೋಮಿಯಂ ಕೂಡ ಸಹಜವಾಗಿಯೇ ಇರುತ್ತವೆ. ಹೋಲಿಸಲು ಸಹಜ ನೆಲದ ಮಾದರಿಯಿಲ್ಲದಿದ್ದರೆ ಮಾಲೀಕರು ಎಲ್ಲವನ್ನೂ ಪ್ರಕೃತಿಯ ಮೇಲೆ ಹಾಕಬಹುದು, ನೀವು ಎಲ್ಲವನ್ನೂ ಕಾರ್ಖಾನೆಯ ಮೇಲೆ ಹಾಕಬಹುದು.

ಅಳತೆಗೋಲಿಗೆ ಹೇಳುವುದಾದರೆ, ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಲೀಟರಿಗೆ ಆರ್ಸೆನಿಕ್ 0.01 ಮಿಲಿಗ್ರಾಂ, ಒಟ್ಟು ಕ್ರೋಮಿಯಂ 0.05 ಮಿಲಿಗ್ರಾಂ, ಫೀನಾಲ್ ಸಂಯುಕ್ತಗಳು 0.001 ಮಿಲಿಗ್ರಾಂ ಸ್ವೀಕಾರಾರ್ಹ ಮಿತಿ. ಮಣ್ಣಿಗೆ ಕೆನಡಾದ ಮಾರ್ಗಸೂಚಿಯಲ್ಲಿ ಕಿಲೋಗೆ 12 ಮಿಲಿಗ್ರಾಂ ಆರ್ಸೆನಿಕ್ ಎಂಬ ಮಟ್ಟವಿದೆ.

ಮನೆ ಕಟ್ಟಿದ ಮೇಲೆ ಮಲೆನಾಡಿನವರು ಹಿತ್ತಿಲನ್ನು ಖಾಲಿ ಬಿಡುವುದಿಲ್ಲ. ಪತ್ರೊಡೆಗೆ ಕೆಸುವಿನ ಎಲೆ, ಒಂದೆಲಗ, ಬಸಳೆ, ನಾಲ್ಕು ಬಾಳೆ ಇದ್ದೇ ಇರುತ್ತವೆ, ಮಕ್ಕಳು ಅದೇ ಮಣ್ಣಿನಲ್ಲಿ ಆಡುತ್ತವೆ. ಗೋದಾಮು ಕಟ್ಟಿ ಕಾಂಕ್ರೀಟ್ ಹಾಸುವ ಜಾಗಕ್ಕೆ ಸಾಕೆನಿಸುವ ಶುದ್ಧಿ ಇಂಥ ಮನೆಗಳಿಗೆ ಸಾಲುವುದಿಲ್ಲ.

ಉತ್ತರ: ವಕೀಲ, ಸಾಗರ

ಹೊಣೆಯ ಪ್ರಶ್ನೆಗೆ ಉತ್ತರಿಸುತ್ತೇನೆ. ಮಲಿನ ಮಾಡಿದವನೇ ವೆಚ್ಚ ಭರಿಸಬೇಕು ಎಂಬ ತತ್ವವನ್ನು ಸರ್ವೋಚ್ಚ ನ್ಯಾಯಾಲಯ 1996ರಲ್ಲಿ ರಾಜಸ್ಥಾನದ ಬಿಚ್ಛಡಿ ಗ್ರಾಮದ ಪ್ರಕರಣದಲ್ಲಿ ಸ್ಪಷ್ಟವಾಗಿ ಎತ್ತಿಹಿಡಿದಿದೆ. ಅಲ್ಲಿ ರಾಸಾಯನಿಕ ಕಾರ್ಖಾನೆಗಳ ಗಸಿಯಿಂದ ಬಾವಿಗಳ ನೀರು ಬಣ್ಣಗೆಟ್ಟು ಕುಡಿಯಲೂ ಬೇಸಾಯಕ್ಕೂ ಬಾರದಂತಾಗಿತ್ತು. ತತ್ವ ಗೆದ್ದಿತು, ಆದರೆ 1997ರಲ್ಲಿ ನಿಗದಿಯಾದ 37.385 ಕೋಟಿ ರೂಪಾಯಿ ಪರಿಹಾರ ವೆಚ್ಚದ ಬಗ್ಗೆ 2011ರಲ್ಲೂ ನ್ಯಾಯಾಲಯ ಚಕ್ರಬಡ್ಡಿ ಸಹಿತ ಪಾವತಿಗೆ ಆದೇಶಿಸಬೇಕಾಯಿತು. ಕಾನೂನು ನಿಮ್ಮ ಪರವಾಗಿದೆ ಎಂಬುದಕ್ಕೂ ಹಣ ನಿಮ್ಮ ಕೈಗೆ ಬರುತ್ತದೆ ಎಂಬುದಕ್ಕೂ ನಡುವೆ ಇಷ್ಟು ಅಂತರವಿರುತ್ತದೆ. ನಿಮ್ಮ ನಿವೃತ್ತ ಸದಸ್ಯರು ಅಷ್ಟು ಕಾಲ ಕಾಯುವ ಸ್ಥಿತಿಯಲ್ಲಿಲ್ಲ.

2025ರ ಜುಲೈ ತಿಂಗಳಲ್ಲಿ ಕೇಂದ್ರ ಸರ್ಕಾರ 1986ರ ಪರಿಸರ ಸಂರಕ್ಷಣಾ ಕಾಯ್ದೆಯಡಿ ಕಲುಷಿತ ಸ್ಥಳಗಳ ನಿರ್ವಹಣೆಗೆಂದೇ ಪ್ರತ್ಯೇಕ ನಿಯಮಗಳನ್ನು ಹೊರಡಿಸಿದೆ. ಇದರಂತೆ ಶಂಕಿತ ಸ್ಥಳಗಳನ್ನು ಗುರುತಿಸುವುದರಲ್ಲಿ ಜಿಲ್ಲಾಡಳಿತಕ್ಕೆ ಪಾತ್ರವಿದೆ, ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ಪ್ರಾಥಮಿಕ ಮತ್ತು ವಿವರವಾದ ಪರಿಶೀಲನೆ ನಡೆಸಬೇಕು, ಸ್ಥಳ ಕಲುಷಿತವೆಂದು ಖಚಿತವಾದರೆ ತಜ್ಞ ಸಂಸ್ಥೆಯೊಂದು ಪರಿಹಾರ ಯೋಜನೆ ರೂಪಿಸಬೇಕು, ಹೊಣೆಗಾರರನ್ನು ಗುರುತಿಸಿ ಅವರಿಂದ ವೆಚ್ಚ ವಸೂಲು ಮಾಡಬೇಕು. ಹೊಣೆಗಾರರು ಸಿಗದಿದ್ದರೆ ಅಥವಾ ಅವರಿಗೆ ಶಕ್ತಿಯಿಲ್ಲದಿದ್ದರೆ ಸರ್ಕಾರಗಳು ವೆಚ್ಚ ಭರಿಸುವ ಏರ್ಪಾಡಿದೆ. ಇದನ್ನು ಓದಿ, ಹೇಗೂ ಸರ್ಕಾರ ನೋಡಿಕೊಳ್ಳುತ್ತದೆ ಎಂದು ನಿಮ್ಮ ಮಂಡಳಿಯಲ್ಲಿ ಯಾರಾದರೂ ಹೇಳಿದರೆ ಒಪ್ಪಬೇಡಿ. ಪ್ರಕ್ರಿಯೆ ಮುಗಿಯುವವರೆಗೆ ನಿಮ್ಮ ಬಡಾವಣೆಯ ಕೆಲಸ ನಿಂತಿರುತ್ತದೆ, ಸದಸ್ಯರ ಹಣವೂ ಅಲ್ಲೇ ಸಿಕ್ಕಿಬಿದ್ದಿರುತ್ತದೆ.

ಮಾರುವವನ ಹೊಣೆ ಇನ್ನೊಂದು ವಿಷಯ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಕಲಮಿನ ಪ್ರಕಾರ, ತನಗೆ ತಿಳಿದಿರುವ, ಕೊಳ್ಳುವವನಿಗೆ ತಿಳಿಯದ ಮತ್ತು ಸಾಮಾನ್ಯ ಎಚ್ಚರಿಕೆಯಿಂದ ಪತ್ತೆಯಾಗದ ಮುಖ್ಯ ದೋಷವನ್ನು ಮಾರುವವನು ತಿಳಿಸಲೇಬೇಕು. ಆದರೆ ಸಿಲಿಂಡರಿನ ಸಂಗತಿಯೂ ಹುಲ್ಲು ಬೆಳೆಯದ ಕಟ್ಟೆಯೂ ನಿಮಗೆ ಈಗಾಗಲೇ ತಿಳಿದಿವೆ. ನಾಳೆ ನ್ಯಾಯಾಲಯದಲ್ಲಿ ನಮಗೆ ಗೊತ್ತಿರಲಿಲ್ಲ ಎಂದು ಹೇಳುವುದು ಕಷ್ಟ. ಜಾಗವನ್ನು ಬ್ಯಾಂಕ್ ಹರಾಜಿನಲ್ಲಿ ಇದ್ದಲ್ಲಿ ಇದ್ದ ಹಾಗೆ ಎಂಬ ಷರತ್ತಿನೊಂದಿಗೆ ಮಾರುತ್ತಿದ್ದರೆ ಸ್ಥಿತಿ ಇನ್ನೂ ಬಿಗಿಯಾಗುತ್ತದೆ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯಲ್ಲಿ ಪರಿಹಾರ ಮತ್ತು ಪುನಃಸ್ಥಾಪನೆ ಕೋರುವ ಅರ್ಜಿಗೆ, ಕಾರಣ ಮೊದಲು ಉಂಟಾದ ದಿನದಿಂದ ಐದು ವರ್ಷದ ಮಿತಿಯಿದೆ ಎಂಬುದನ್ನೂ ಗಮನದಲ್ಲಿಡಿ. ಮುಚ್ಚಿ ಬಹಳ ಕಾಲವಾದ ಕಾರ್ಖಾನೆಯ ವಿಷಯದಲ್ಲಿ ಇದೇ ದೊಡ್ಡ ವಾದವಾಗುತ್ತದೆ.

ಕಾಗದಪತ್ರಗಳ ಬಗ್ಗೆ: ಋಣಭಾರ ಪ್ರಮಾಣಪತ್ರದಲ್ಲಿ ಮಣ್ಣಿನ ಸ್ಥಿತಿ ಕಾಣಿಸುವುದಿಲ್ಲ. ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಯಿಂದ ಆ ಕಾರ್ಖಾನೆಯ ಹಳೆಯ ಸಮ್ಮತಿ ಪತ್ರಗಳು, ತಪಾಸಣಾ ವರದಿಗಳು, ಅಪಾಯಕಾರಿ ತ್ಯಾಜ್ಯದ ವಾರ್ಷಿಕ ವಿವರಗಳನ್ನು 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಕೇಳಿ. ಎಷ್ಟು ರಾಸಾಯನಿಕ ಬಳಸುತ್ತಿದ್ದರು, ಗಸಿಯನ್ನು ಎಲ್ಲಿಗೆ ಕಳುಹಿಸಿದರು ಎಂಬುದು ಅಲ್ಲಿ ಸಿಗಬಹುದು. ಕಳುಹಿಸಿದ ದಾಖಲೆಯೇ ಇಲ್ಲದಿದ್ದರೆ ಅದು ಆ ಆವರಣದಲ್ಲೇ ಉಳಿದಿದೆಯೆಂಬ ಅನುಮಾನ ಬಲವಾಗುತ್ತದೆ.

ಮರುಪ್ರಶ್ನೆ: ಸಂಘದ ನಿರ್ದೇಶಕ

ಮೂವರಿಗೂ ಕೃತಜ್ಞತೆಗಳು. ಈ ಉತ್ತರಗಳನ್ನು ಮಂಡಳಿಯ ಮುಂದೆ ಓದಿದೆ. ಮಾಲೀಕರು ಈಗ ಎರಡು ಸಲಹೆ ಕೊಟ್ಟಿದ್ದಾರೆ. ಒಂದು, ಇಡೀ ಜಾಗದ ಮೇಲೆ ಎರಡು ಅಡಿ ಹೊಸ ಮಣ್ಣು ಹೊಡೆಸಿಕೊಡುವುದು. ಇನ್ನೊಂದು, ಮುಂದೆ ಏನಾದರೂ ಪತ್ತೆಯಾದರೆ ತಾವೇ ಹೊಣೆ ಎಂದು ಕ್ರಯಪತ್ರದಲ್ಲಿ ಬರೆದುಕೊಡುವುದು. ಇವು ಸಾಕೇ? ಮಣ್ಣನ್ನೇ ತೆಗೆಸುವುದಾದರೆ ಲೆಕ್ಕ ಹೇಗೆ ಹಾಕಬೇಕು?

ಉತ್ತರ: ಸಿವಿಲ್ ಎಂಜಿನಿಯರ್, ಶಿವಮೊಗ್ಗ

ಸರ್, ಲೆಕ್ಕವನ್ನು ಹೀಗೆ ಮಾಡಿ. ಒಂದು ಎಕರೆ ಎಂದರೆ 4,047 ಚದರ ಮೀಟರ್. ಒಂದು ಮೀಟರ್ ಆಳ ತೆಗೆದರೆ 4,047 ಘನ ಮೀಟರ್. ಘನ ಮೀಟರಿಗೆ 1.8 ಟನ್ ಎಂದು ಹಿಡಿದರೆ ಸುಮಾರು 7,300 ಟನ್ ಮಣ್ಣು. ಹತ್ತು ಟನ್ ಹೊರುವ ಲಾರಿಯಲ್ಲಿ 730 ಲೋಡು. ಇದು ಒಂದೇ ಎಕರೆಯ, ಒಂದೇ ಮೀಟರಿನ ಲೆಕ್ಕ. ಅಪಾಯಕಾರಿ ಎಂದು ಪರೀಕ್ಷೆಯಲ್ಲಿ ತೇಲಿದ ಮಣ್ಣನ್ನು ಯಾವುದೋ ಹಳ್ಳಕ್ಕೆ ಸುರಿಯುವಂತಿಲ್ಲ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಅದು ಅಧಿಕೃತ ವಿಲೇವಾರಿ ಕೇಂದ್ರಕ್ಕೇ ಹೋಗಬೇಕು. ಡಾಬಸ್‌ಪೇಟೆಯಂಥ ಕೇಂದ್ರಕ್ಕೆ ನಮ್ಮಲ್ಲಿಂದ ಇನ್ನೂರು ಕಿಲೋಮೀಟರಿಗೂ ಹೆಚ್ಚು ದೂರ. ಅಗೆತ, ಸಾಗಣೆ, ಕೇಂದ್ರದ ಶುಲ್ಕ, ಗುಂಡಿ ತುಂಬಲು ಒಳ್ಳೆಯ ಮಣ್ಣು, ಉಸ್ತುವಾರಿ, ಮತ್ತೆ ಪರೀಕ್ಷೆ, ಅಷ್ಟು ತಿಂಗಳ ಬಡ್ಡಿ, ಇವೆಲ್ಲ ಸೇರಿದಾಗ ನಿಮಗೆ ಸಿಗುತ್ತಿರುವ ಮೂರನೇ ಒಂದು ಪಾಲಿನ ರಿಯಾಯಿತಿ ಉಳಿಯುತ್ತದೆಯೇ ಎಂಬುದನ್ನು ನಿಜವಾದ ದರಪಟ್ಟಿ ತರಿಸಿಯೇ ನೋಡಬೇಕು. ಭೋಪಾಲದ ಕಾರ್ಖಾನೆಯ ಆವರಣದಲ್ಲಿದ್ದ ಸುಮಾರು 337 ಟನ್ ತ್ಯಾಜ್ಯವನ್ನು 2025ರ ಜನವರಿಯಲ್ಲಿ ಪೀಥಂಪುರಕ್ಕೆ ಸಾಗಿಸಿ ಸುಡಲು ಸುಮಾರು 126 ಕೋಟಿ ರೂಪಾಯಿ ಮೀಸಲಿಡಬೇಕಾಯಿತು. ಪೀಥಂಪುರದ ಜನ ಬೀದಿಗಿಳಿದು ವಿರೋಧಿಸಿದರು. ಆ ತ್ಯಾಜ್ಯದ ಸ್ವರೂಪ ಬೇರೆ, ನಿಮ್ಮ ಮಣ್ಣಿಗೆ ಅದೇ ದರ ಅನ್ವಯಿಸುವುದಿಲ್ಲ. ಆದರೂ ನಮ್ಮ ಊರಿನ ವಿಷ ಇನ್ನೊಂದು ಊರಿಗೆ ಹೋಗುವಾಗ ಆ ಊರಿನವರೂ ಪ್ರಶ್ನೆ ಕೇಳುತ್ತಾರೆ, ಅದಕ್ಕೂ ಸಮಯ ಹಿಡಿಯುತ್ತದೆ.

ಎರಡು ಅಡಿ ಮಣ್ಣಿನ ಮಾತನ್ನು ನಾನು ಒಪ್ಪುವುದಿಲ್ಲ. ನಿಮ್ಮ ಮನೆಗಳ ಪಾಯ, ಶೌಚದ ಗುಂಡಿ, ಮಳೆನೀರು ಇಂಗುಗುಂಡಿ, ತೆಂಗಿನ ಸಸಿಯ ಗುಂಡಿ ಯಾವುದೂ ಎರಡು ಅಡಿಗೆ ನಿಲ್ಲುವುದಿಲ್ಲ. ಕೆಳಗಿನ ಮಣ್ಣು ಅಗೆತದಲ್ಲಿ ಮೇಲೆ ಬಂದೇ ಬರುತ್ತದೆ. ಮಳೆನೀರು ಸಡಿಲ ಮಣ್ಣಿನ ಮೂಲಕ ಇಳಿದು ಕೆಳಗಿನ ಪದರವನ್ನು ತೊಳೆಯುವುದೂ ತಪ್ಪುವುದಿಲ್ಲ. 1953ರಲ್ಲಿ ಅಮೆರಿಕದ ಲವ್ ಕೆನಾಲ್‌ನಲ್ಲಿ ರಾಸಾಯನಿಕ ಹೂತ ಕಾಲುವೆಯನ್ನು ಮಣ್ಣಿನಿಂದ ಮುಚ್ಚಿ, ಮುಂದೆ ಹೊಣೆ ತಮ್ಮದಲ್ಲ ಎಂದು ಪತ್ರದಲ್ಲಿ ಬರೆಸಿ, ಕಂಪನಿಯು ಒಂದು ಡಾಲರಿಗೆ ಶಾಲಾ ಮಂಡಳಿಗೆ ಕೊಟ್ಟಿತು. ಅಲ್ಲಿ ಶಾಲೆ ಬಂತು, ಸುತ್ತ ಮನೆಗಳು ಬಂದವು, ಚರಂಡಿ ಮತ್ತು ರಸ್ತೆಗೆ ಅಗೆದಾಗ ಮುಚ್ಚಳ ಒಡೆಯಿತು, 1978ರಲ್ಲಿ ತುರ್ತುಸ್ಥಿತಿ ಘೋಷಿಸಿ ಕುಟುಂಬಗಳನ್ನು ಎಬ್ಬಿಸಬೇಕಾಯಿತು. ಸರಿಯಾದ ಮುಚ್ಚಳವೆಂದರೆ ನೀರು ಇಳಿಯದ ಪದರ, ಅದರ ಮೇಲೆ ನೀರು ಹೊರಹೋಗುವ ವ್ಯವಸ್ಥೆ, ಅಲ್ಲಿ ಯಾರೂ ಅಗೆಯಬಾರದೆಂಬ ಶಾಶ್ವತ ನಿರ್ಬಂಧ, ಮತ್ತು ಅದನ್ನು ನೋಡಿಕೊಳ್ಳಲು ಹಣ. ಖಾಸಗಿ ನಿವೇಶನದ ಮೇಲೆ ಇಂಥ ನಿರ್ಬಂಧ ಪಾಲನೆಯಾಗುವುದಿಲ್ಲ.

ನಿಮಗೆ ದಾರಿಯಿಲ್ಲವೆಂದಲ್ಲ. ಕೆಟ್ಟ ಭಾಗ ಕಾಲು ಎಕರೆಯಷ್ಟೇ ಎಂದು ಪರೀಕ್ಷೆಯಲ್ಲಿ ಬಂದರೆ, ಅತಿ ಕೆಟ್ಟ ಮಣ್ಣನ್ನು ಮಾತ್ರ ತೆಗೆಸಿ, ಉಳಿದ ಸಾಧಾರಣ ಭಾಗಕ್ಕೆ ನಿಜವಾದ ಮುಚ್ಚಳ ಹಾಕಿ, ಬಡಾವಣೆಯ ನಕ್ಷೆಯಲ್ಲಿ ಅದರ ಮೇಲೆ ಕಾಂಕ್ರೀಟ್ ರಸ್ತೆ ಅಥವಾ ವಾಹನ ನಿಲುಗಡೆ ಬರುವಂತೆ ಮಾಡಬಹುದು. ಆ ಜಾಗದ ಒಡೆತನ ಸಂಘದಲ್ಲೇ ಉಳಿಯಲಿ. ಮಕ್ಕಳ ಉದ್ಯಾನವನ್ನು ಮಾತ್ರ ಅಲ್ಲಿಗೆ ತರಬೇಡಿ. ಆರು ವೇಲೆನ್ಸಿಯ ಕ್ರೋಮಿಯಂ ಇದ್ದರೆ ಫೆರಸ್ ಸಲ್ಫೇಟ್ ಬೆರೆಸಿ ನಿರುಪದ್ರವಿ ರೂಪಕ್ಕೆ ತಿರುಗಿಸುವ ವಿಧಾನವಿದೆ. ಆರ್ಸೆನಿಕ್ಕನ್ನು ಹೀರುವ ಟೆರಿಸ್ ವಿಟಾಟಾ ಎಂಬ ಜರಿಗಿಡದ ಬಗ್ಗೆ ಯಾರಾದರೂ ಹೇಳಿದರೆ, ಅದು ನಿಜ, 2001ರಿಂದ ತಿಳಿದಿರುವ ವಿಷಯ. ಆದರೆ ಅದಕ್ಕೆ ವರ್ಷಗಳು ಬೇಕು, ಕೊಯ್ದ ಸೊಪ್ಪೂ ಅಪಾಯಕಾರಿ ತ್ಯಾಜ್ಯವೇ ಆಗುತ್ತದೆ.

ಕ್ರಯಪತ್ರದ ಹೊಣೆಯ ಮಾತನ್ನು ವಕೀಲರು ಹೇಳಲಿ. ಆ ಬರಹದ ಬೆಲೆ ಬರೆದುಕೊಟ್ಟವರ ಬಳಿ ಮುಂದೆ ಎಷ್ಟು ಆಸ್ತಿ ಉಳಿದಿರುತ್ತದೆ ಎಂಬುದರ ಮೇಲಿದೆ ಎಂಬುದು ನನ್ನ ತಿಳಿವಳಿಕೆ.

ಉತ್ತರ: ವಕೀಲ, ಸಾಗರ

ಎಂಜಿನಿಯರ್ ಮೇಡಂ ಹೇಳಿದ್ದು ಸರಿ. ಬರಿಯ ಬರಹ ಸಾಲದು. ಮೊದಲು ಪರೀಕ್ಷೆಗೆ ಅವಕಾಶ ಕೊಡುವ ಒಂದು ಚಿಕ್ಕ ಕರಾರು ಮಾಡಿಕೊಳ್ಳಿ, ಅದರಲ್ಲಿ ಮುಂಗಡ ಹಣ ಸೇರದಿರಲಿ. ಎರಡು ಋತುಗಳ ವರದಿ ಬಂದ ಮೇಲೆ ಶುದ್ಧೀಕರಣದ ದರಪಟ್ಟಿಯನ್ನು ಬೆಲೆಯಿಂದ ಕಳೆದು ಕ್ರಯದ ಕರಾರಿಗೆ ಬನ್ನಿ, ಬೆಲೆಯ ಒಂದು ಭಾಗವನ್ನು ಇಬ್ಬರ ಹೆಸರಿನ ಖಾತೆಯಲ್ಲಿಟ್ಟು, ಶುದ್ಧಿಯ ನಂತರದ ಪರೀಕ್ಷೆ ಸರಿಬಂದ ಮೇಲೆಯೇ ಬಿಡುಗಡೆ ಎಂದು ಬರೆಸಿ. ಮಾಲೀಕರು ಪರೀಕ್ಷೆಗೇ ಒಪ್ಪದಿದ್ದರೆ ಅಲ್ಲಿಗೆ ಮಾತುಕತೆ ನಿಲ್ಲಿಸಿ.

ಉತ್ತರ: ಭದ್ರಾವತಿಯ ಓದುಗ

ಎಲ್ಲರೂ ಅಪಾಯವನ್ನೇ ಹೇಳಿದ್ದೀರಿ, ಅದು ಸರಿಯೇ. ಆದರೆ ಹಳೆಯ ಕಾರ್ಖಾನೆಯ ಜಾಗವೆಂದ ಕೂಡಲೇ ಎಲ್ಲರೂ ದೂರ ಸರಿದರೆ, ಬಡಾವಣೆಗಳು ಗದ್ದೆ ಬಯಲಿಗೂ ಕಾನಿನ ಅಂಚಿಗೂ ನುಗ್ಗುತ್ತವೆ; ಕೆಟ್ಟ ನೆಲ ಕೆಟ್ಟ ನೆಲವಾಗಿಯೇ ಉಳಿದು ಪ್ರತಿ ಮಳೆಗಾಲದಲ್ಲೂ ಕೆಳಗಿನ ಕೆರೆಗೆ ಹರಿಯುತ್ತಲೇ ಇರುತ್ತದೆ. ಸಂಘವೊಂದು ಸರಿಯಾಗಿ ಪರೀಕ್ಷಿಸಿ, ಶುದ್ಧಮಾಡಿ, ಮನೆ ಕಟ್ಟಿದರೆ ಅದು ಊರಿಗೂ ಒಳ್ಳೆಯದು. ದೊಡ್ಡ ಕಾರ್ಖಾನೆಗಳು ನಿಂತ ಊರಿನಲ್ಲಿ ಬದುಕುತ್ತಿರುವ ನಮಗೆ ಖಾಲಿ ಬಿದ್ದ ಆವರಣಗಳನ್ನು ನೋಡುವ ಸಂಕಟ ಗೊತ್ತಿದೆ.

ಉತ್ತರ: ಅಂತರ್ಜಲ ಕ್ಷೇತ್ರದಲ್ಲಿ ಕೆಲಸ ಮಾಡುವವಳು, ತೀರ್ಥಹಳ್ಳಿ

ನಾನೂ ಇದನ್ನು ಒಪ್ಪುತ್ತೇನೆ, ಮತ್ತು ನಿರ್ದೇಶಕರಲ್ಲಿ ಒಂದು ಕೋರಿಕೆಯಿದೆ. ಬಾವಿಗಳ ನೀರನ್ನು ಪರೀಕ್ಷಿಸುವ ಮೊದಲೇ ಕೆಳಗಿನ ಮನೆಯವರಿಗೆ ಕಾರಣ ತಿಳಿಸಿ, ವರದಿ ಬಂದ ದಿನವೇ ಅವರ ಬಾವಿಯ ಫಲಿತಾಂಶವನ್ನು ಅವರ ಕೈಗೆ ಕೊಡುವುದಾಗಿ ಮಂಡಳಿಯಲ್ಲಿ ನಿರ್ಣಯ ಮಾಡಿ. ಜಾಗ ಬೇಡವೆಂದು ನೀವು ಹಿಂದೆ ಸರಿದರೂ ಅವರು ಅದೇ ನೀರು ಕುಡಿಯುತ್ತಿರುತ್ತಾರೆ. ಆರ್ಸೆನಿಕ್ ಇರುವ ನೀರಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಕುದಿಸಿದರೂ ಹೋಗುವುದಿಲ್ಲ. ಮಿತಿ ಮೀರಿದ ಫಲಿತಾಂಶ ಬಂದರೆ ಮಾಲಿನ್ಯ ನಿಯಂತ್ರಣ ಮಂಡಳಿಗೂ ಜಿಲ್ಲಾಡಳಿತಕ್ಕೂ ಲಿಖಿತವಾಗಿ ತಿಳಿಸಿ, ಪಂಚಾಯಿತಿಯಿಂದ ಬೇರೆ ಕುಡಿಯುವ ನೀರಿನ ವ್ಯವಸ್ಥೆಗೆ ಒತ್ತಾಯಿಸಿ. ಮಾದರಿ ತೆಗೆಯುವ ಕ್ರಮದ ಬಗ್ಗೆ ಸಹಾಯ ಬೇಕಾದರೆ ಇಲ್ಲಿಯೇ ಕೇಳಿ, ಉತ್ತರಿಸುತ್ತೇನೆ.